ಇಂಗಾಲ ಹಿಡಿಯುವ ಯಂತ್ರ, ಜಲಜನಕದ ಭರವಸೆ: ಕಲ್ಲಿದ್ದಲಿನ ಆಯುಷ್ಯ ಹೆಚ್ಚೀತೇ?

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಿಂದ ನೈಋತ್ಯಕ್ಕೆ ಸ್ವಲ್ಪ ದೂರದಲ್ಲಿ ಡಬ್ಲ್ಯು.ಎ. ಪ್ಯಾರಿಷ್ ಎಂಬ ದೊಡ್ಡ ಉಷ್ಣ ವಿದ್ಯುತ್ ಸ್ಥಾವರವಿದೆ. ಅದರ ಕಲ್ಲಿದ್ದಲು ಘಟಕವೊಂದರ ಮಗ್ಗುಲಲ್ಲಿ 2017ರ ಜನವರಿಯಲ್ಲಿ ‘ಪೆಟ್ರಾ ನೋವಾ’ ಎಂಬ ಹೊಸ ಸ್ಥಾವರ ಕಾರ್ಯಾರಂಭ ಮಾಡಿತು. ಇದು ವಿದ್ಯುತ್ ಮಾರುವ ಸ್ಥಾವರವಲ್ಲ. ಚಿಮಣಿಗೆ ಹೋಗುವ ಹೊಗೆಯ ಒಂದು ಭಾಗವನ್ನು ತನ್ನತ್ತ ತಿರುಗಿಸಿಕೊಂಡು, ಅದರೊಳಗಿನ ಇಂಗಾಲದ ಡೈ ಆಕ್ಸೈಡನ್ನು ಬೇರ್ಪಡಿಸುವುದು ಇದರ ಕೆಲಸ. ತಗಲಿದ ವೆಚ್ಚ ಸುಮಾರು 100 ಕೋಟಿ ಡಾಲರ್. ಹೀಗೆ ಹಿಡಿದ ಅನಿಲವನ್ನು ಸುಮಾರು 130 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ವೆಸ್ಟ್ ರ‍್ಯಾಂಚ್ ಎಂಬ ಹಳೆಯ ತೈಲಕ್ಷೇತ್ರಕ್ಕೆ ಸಾಗಿಸಿ, ನೆಲದೊಳಗೆ ಒತ್ತಿ, ಬಂಡೆಯ ಸಂದುಗಳಲ್ಲಿ ಅಂಟಿಕೊಂಡಿದ್ದ ಕಚ್ಚಾ ತೈಲವನ್ನು ಮೇಲಕ್ಕೆ ತರಲಾಗುತ್ತಿತ್ತು. ಆ ತೈಲದ ಮಾರಾಟವೇ ಯೋಜನೆಯ ಮುಖ್ಯ ಆದಾಯ.

2020ರಲ್ಲಿ ಕೋವಿಡ್ ಪಿಡುಗಿನಿಂದ ಜಗತ್ತಿನ ವ್ಯವಹಾರ ಸ್ತಬ್ಧಗೊಂಡು ತೈಲದ ಬೆಲೆ ನೆಲಕಚ್ಚಿತು. ಮೇ ತಿಂಗಳಲ್ಲಿ ಪೆಟ್ರಾ ನೋವಾ ನಿಂತಿತು. ಪಕ್ಕದ ಕಲ್ಲಿದ್ದಲು ಘಟಕ ಮಾತ್ರ ನಿಲ್ಲಲಿಲ್ಲ. ಅದರ ಹೊಗೆ ಹಿಂದಿನಂತೆಯೇ ನೇರವಾಗಿ ಆಕಾಶ ಸೇರತೊಡಗಿತು. 2022ರಲ್ಲಿ ಪಾಲುದಾರ ವಿದ್ಯುತ್ ಕಂಪನಿ ಎನ್.ಆರ್.ಜಿ. ತನ್ನ ಅರ್ಧ ಪಾಲನ್ನು ಇನ್ನೊಬ್ಬ ಪಾಲುದಾರನಾದ ಜಪಾನಿನ ಜೆ.ಎಕ್ಸ್. ನಿಪ್ಪಾನ್ ತೈಲ ಸಂಸ್ಥೆಗೆ ಬಿಟ್ಟುಕೊಟ್ಟಿತು. ನೂರು ಕೋಟಿ ಡಾಲರಿನ ಸ್ಥಾವರದ ಅರ್ಧ ಪಾಲಿಗೆ ದೊರೆತ ಬೆಲೆ 36 ಲಕ್ಷ ಡಾಲರ್. ತೈಲದ ಬೆಲೆ ಚೇತರಿಸಿಕೊಂಡ ಮೇಲೆ, 2023ರ ಸೆಪ್ಟೆಂಬರಿನಲ್ಲಿ, ಯಂತ್ರ ಮತ್ತೆ ಚಾಲನೆಗೊಂಡಿತು.

ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸರಕಿಗೆ ಗಿರಾಕಿ ಇಲ್ಲವೆಂದಾದರೆ ಯಾರಾದರೂ ಅಂಗಡಿ ಮುಚ್ಚುತ್ತಾರೆ. ವಿಶೇಷವಿರುವುದು ಸರಕಿನಲ್ಲಿ. ವಾತಾವರಣವನ್ನು ಕಾಪಾಡುವುದಕ್ಕೆಂದು ಹಿಡಿದ ಅನಿಲಕ್ಕೆ ಇದ್ದ ಏಕೈಕ ಗಿರಾಕಿ ತೈಲಬಾವಿ. ಆ ಗಿರಾಕಿಯ ವ್ಯಾಪಾರ ಚೆನ್ನಾಗಿ ನಡೆದಷ್ಟು ದಿನ ಮಾತ್ರ ಹೊಗೆಗೆ ಕಡಿವಾಣ. ಒಂದು ಬ್ಯಾರೆಲ್ ತೈಲ ಉರಿದರೆ ಸುಮಾರು 430 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ ಎಂಬುದನ್ನೂ ಈ ಖಾತೆಯ ಇನ್ನೊಂದು ಬದಿಯಲ್ಲಿ ಬರೆದುಕೊಳ್ಳಬೇಕಾಗುತ್ತದೆ.

ದೂರದ ಟೆಕ್ಸಾಸಿನ ಈ ವೃತ್ತಾಂತ ಕರ್ನಾಟಕದ ವರ್ತಕರಿಗೂ ಸಣ್ಣ ತಯಾರಕರಿಗೂ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಭಾರತವೂ ಈ ಎರಡು ತಂತ್ರಜ್ಞಾನಗಳಿಗೆ ಕೈಹಾಕಿದೆ. ಇಂಗಾಲ ಹಿಡಿಯುವುದರ ಬಗ್ಗೆ ನೀತಿ ಆಯೋಗ 2022ರ ನವೆಂಬರಿನಲ್ಲಿ ಹೊರತಂದ ವರದಿ, 2050ರ ವೇಳೆಗೆ ವರ್ಷಕ್ಕೆ 75 ಕೋಟಿ ಟನ್ ಹಿಡಿಯಬಹುದೆಂಬ ಚಿತ್ರವನ್ನು ಮುಂದಿಟ್ಟಿತು. 2023ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಒಪ್ಪಿಗೆ ನೀಡಿತು. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆ ಅದರ ಗುರಿ. ಸರಿಯಾಗಿ ಒಂದು ವರ್ಷದ ನಂತರ, 2024ರ ಜನವರಿಯಲ್ಲಿ, ಅದೇ ಸಂಪುಟ ಕಲ್ಲಿದ್ದಲನ್ನು ಅನಿಲವಾಗಿ ಪರಿವರ್ತಿಸುವ ಯೋಜನೆಗಳಿಗೆ 8,500 ಕೋಟಿ ರೂಪಾಯಿಗಳ ನೆರವು ಮಂಜೂರು ಮಾಡಿತು. 2030ರ ವೇಳೆಗೆ ಹತ್ತು ಕೋಟಿ ಟನ್ ಕಲ್ಲಿದ್ದಲನ್ನು ಹೀಗೆ ಬಳಸುವುದು ಸರ್ಕಾರದ ಗುರಿ. ಆ ಅನಿಲದಿಂದ ಪಡೆಯಬಹುದಾದ ವಸ್ತುಗಳಲ್ಲಿ ಜಲಜನಕವೂ ಒಂದು. ಒಂದು ಕೈ ಕಲ್ಲಿದ್ದಲಿನಿಂದ ದೂರ ಸರಿಯುತ್ತಿದ್ದರೆ ಇನ್ನೊಂದು ಕೈ ಅದನ್ನೇ ಹೊಸ ರೂಪದಲ್ಲಿ ಹತ್ತಿರಕ್ಕೆ ಎಳೆದುಕೊಳ್ಳುತ್ತಿದೆ. ಈ ಹಣ ಎಲ್ಲಿಗೆ ಹರಿಯುತ್ತದೆ, ವಿದ್ಯುತ್ ದರಕ್ಕೂ ಉಕ್ಕಿನ ಬೆಲೆಗೂ ಅದರ ಬಿಸಿ ಹೇಗೆ ತಟ್ಟುತ್ತದೆ ಎಂಬುದು ಉದ್ದಿಮೆದಾರರು ಕೇಳಲೇಬೇಕಾದ ಪ್ರಶ್ನೆ.

ಯಂತ್ರದ ಒಳಗಿನ ಲೆಕ್ಕ

ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈ ಆಕ್ಸೈಡಿನ ಪಾಲು ಶೇ. 12ರಿಂದ 14ರಷ್ಟು ಮಾತ್ರ. ಉಳಿದದ್ದು ಹೆಚ್ಚಾಗಿ ಸಾರಜನಕ. ಹೊಗೆಯನ್ನು ತಣಿಸಿ, ಎತ್ತರದ ಗೋಪುರದಲ್ಲಿ ಅಮೀನ್ ಎಂಬ ರಾಸಾಯನಿಕದ ದ್ರಾವಣದೊಡನೆ ಹಾಯಿಸಿದಾಗ ದ್ರಾವಣ ಆ ಅನಿಲವನ್ನು ಹೀರಿಕೊಳ್ಳುತ್ತದೆ. ಅನಂತರ ದ್ರಾವಣವನ್ನು ಹಬೆಯಿಂದ ಕಾಯಿಸಿದರೆ ಅನಿಲ ಬಿಡುಗಡೆಯಾಗುತ್ತದೆ, ದ್ರಾವಣ ಮರುಬಳಕೆಗೆ ಸಿದ್ಧವಾಗುತ್ತದೆ. ಬಿಡುಗಡೆಯಾದ ಅನಿಲವನ್ನು ವಾಯುಭಾರದ ನೂರು ಪಟ್ಟಿಗೂ ಹೆಚ್ಚಿನ ಒತ್ತಡಕ್ಕೆ ಏರಿಸಿ ಕೊಳವೆಗೆ ತುಂಬಬೇಕು. ಹಬೆಗೂ ಒತ್ತಡಕ್ಕೂ ಬೇಕಾದ ಶಕ್ತಿ ಅದೇ ಸ್ಥಾವರದಿಂದ ಬರಬೇಕು. ಹೀಗಾಗಿ ಸ್ಥಾವರದ ಮಾರಾಟಯೋಗ್ಯ ವಿದ್ಯುತ್ತಿನಲ್ಲಿ ಸಾಮಾನ್ಯವಾಗಿ ಐದನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಖೋತಾ ಆಗುತ್ತದೆ. ಅಷ್ಟೇ ವಿದ್ಯುತ್ ಮಾರಬೇಕಾದರೆ ಇನ್ನಷ್ಟು ಕಲ್ಲಿದ್ದಲು ಸುಡಬೇಕು. ಪೆಟ್ರಾ ನೋವಾದಲ್ಲಿ ಈ ಖೋತಾ ತಪ್ಪಿಸಲು ಪ್ರತ್ಯೇಕವಾಗಿ ಅನಿಲದ ಟರ್ಬೈನೊಂದನ್ನೇ ಕಟ್ಟಲಾಯಿತು. ಆ ಟರ್ಬೈನಿನ ಹೊಗೆಯನ್ನು ಹಿಡಿಯುವ ವ್ಯವಸ್ಥೆ ಮಾತ್ರ ಇರಲಿಲ್ಲ.

ಮೊದಲ ದೊಡ್ಡ ಪ್ರಯೋಗ ನಡೆದದ್ದು ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಬೌಂಡರಿ ಡ್ಯಾಮ್ ಸ್ಥಾವರದಲ್ಲಿ. ಅದರ ಮೂರನೆಯ ಘಟಕಕ್ಕೆ ಸುಮಾರು 150 ಕೋಟಿ ಕೆನಡಾ ಡಾಲರ್ ವೆಚ್ಚದಲ್ಲಿ ಹೊಸ ಯಂತ್ರಗಳನ್ನು ಜೋಡಿಸಿ 2014ರ ಅಕ್ಟೋಬರಿನಲ್ಲಿ ಉದ್ಘಾಟಿಸಲಾಯಿತು. ವರ್ಷಕ್ಕೆ ಹತ್ತು ಲಕ್ಷ ಟನ್ ಹಿಡಿಯುವ ಉದ್ದೇಶವಿತ್ತು. ಒಟ್ಟು 50 ಲಕ್ಷ ಟನ್ ತಲುಪಲು 2023ರವರೆಗೆ ಕಾಯಬೇಕಾಯಿತು. ಇಲ್ಲಿಯೂ ಅನಿಲದ ಮುಖ್ಯ ಗಿರಾಕಿ ತೈಲಕ್ಷೇತ್ರವೇ. ಖರ್ಚು ಗಿಟ್ಟುವುದಿಲ್ಲವೆಂದು 2018ರಲ್ಲಿ ನಾಲ್ಕು ಮತ್ತು ಐದನೆಯ ಘಟಕಗಳಿಗೆ ಈ ಯಂತ್ರ ಬೇಡವೆಂಬ ತೀರ್ಮಾನವಾಯಿತು. ಆದರೆ 2025ರಲ್ಲಿ ಪ್ರಾಂತೀಯ ಸರ್ಕಾರ ಮುಚ್ಚಬೇಕಾಗಿದ್ದ ಕಲ್ಲಿದ್ದಲು ಘಟಕಗಳ ಆಯುಷ್ಯವನ್ನೇ ವಿಸ್ತರಿಸುವ ನಿರ್ಧಾರ ಪ್ರಕಟಿಸಿತು. ಯಂತ್ರ ಇದ್ದದ್ದು ಒಂದು ಘಟಕಕ್ಕೆ, ಆಯುಷ್ಯ ಸಿಕ್ಕಿದ್ದು ಹಲವಕ್ಕೆ.

ಮಿಸಿಸಿಪ್ಪಿ ರಾಜ್ಯದ ಕೆಂಪರ್ ಯೋಜನೆ ಇನ್ನೂ ದುಬಾರಿಯಾದ ಪಾಠ. ಸ್ಥಳೀಯ ಲಿಗ್ನೈಟನ್ನು ಅನಿಲವಾಗಿಸಿ, ಇಂಗಾಲವನ್ನು ಬೇರ್ಪಡಿಸಿ, ಉಳಿದದ್ದನ್ನು ಉರಿಸಿ ವಿದ್ಯುತ್ ಪಡೆಯುವ ಯೋಜನೆ ಅದು. 300 ಕೋಟಿ ಡಾಲರಿಗಿಂತ ಕಡಿಮೆ ಎಂದು ಅಂದಾಜಿಸಿದ್ದ ವೆಚ್ಚ 750 ಕೋಟಿ ಡಾಲರ್ ಮುಟ್ಟಿತು. 2017ರ ಜೂನಿನಲ್ಲಿ ಕಲ್ಲಿದ್ದಲಿನ ಭಾಗವನ್ನು ಕೈಬಿಟ್ಟು ಸ್ಥಾವರವನ್ನು ಮಾಮೂಲಿ ನೈಸರ್ಗಿಕ ಅನಿಲದಲ್ಲಿ ನಡೆಸಲಾಯಿತು. 2021ರಲ್ಲಿ ಅನಿಲೀಕರಣದ ಕಟ್ಟಡಗಳನ್ನು ಸ್ಫೋಟಕವಿಟ್ಟು ಕೆಡವಲಾಯಿತು. ವೆಚ್ಚಕ್ಕೆ ನಿಯಂತ್ರಕರು ಮೊದಲೇ ಮಿತಿ ವಿಧಿಸಿದ್ದರಿಂದ ಹೆಚ್ಚುವರಿ ಹೊರೆಯ ಬಹುಪಾಲು ಷೇರುದಾರರ ಮೇಲೆ ಬಿತ್ತು. ಅಂಥ ಮಿತಿ ಇಲ್ಲದಿದ್ದರೆ ಅದು ಬೀಳುತ್ತಿದ್ದುದು ವಿದ್ಯುತ್ ಗ್ರಾಹಕರ ತಲೆಯ ಮೇಲೆ.

ಈ ಕೊನೆಯ ಸಂಗತಿಯನ್ನು ರಾಜ್ಯದ ಎಚ್.ಟಿ. ಗ್ರಾಹಕರು ಗಮನಿಸಬೇಕು. ಉಷ್ಣ ಸ್ಥಾವರಗಳೊಡನೆ ಮಾಡಿಕೊಳ್ಳುವ ದೀರ್ಘಾವಧಿ ವಿದ್ಯುತ್ ಖರೀದಿ ಒಪ್ಪಂದಗಳಲ್ಲಿ, ವಿದ್ಯುತ್ ಪಡೆದರೂ ಪಡೆಯದಿದ್ದರೂ ಸ್ಥಿರ ವೆಚ್ಚ ಕಟ್ಟಬೇಕು. ಅದು ಕೊನೆಗೆ ಬಿಲ್ಲಿನಲ್ಲೇ ಬರುತ್ತದೆ. ಶಕ್ತಿನಗರದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಚಾಲನೆಗೊಂಡದ್ದು 1985ರಲ್ಲಿ. ನಾಲ್ಕು ದಶಕ ದುಡಿದ ಇಂಥ ಘಟಕವೊಂದಕ್ಕೆ ಹೊಗೆ ಹಿಡಿಯುವ ಯಂತ್ರ ಜೋಡಿಸಿದರೆಂದು ಊಹಿಸಿದರೆ, ಆ ಸಾಲ ತೀರಲು ಇಪ್ಪತ್ತು ಇಪ್ಪತ್ತೈದು ವರ್ಷ ಬೇಕು. ಸಾಲ ತೀರುವವರೆಗೆ ಬಾಯ್ಲರ್ ಆರಿಸುವಂತಿಲ್ಲ. ಹೊಗೆ ನಿಲ್ಲಿಸುವುದಕ್ಕೆ ತಂದ ಯಂತ್ರವೇ ಹೊಗೆ ನಿಲ್ಲಬಾರದೆಂದು ಹಟ ಹಿಡಿಯುವ ಸ್ಥಿತಿ ಅದು. ಹಿಡಿದ ಅನಿಲವನ್ನು ಹುದುಗಿಸುವ ಜಾಗವೂ ಹತ್ತಿರದಲ್ಲಿಲ್ಲ. ರಾಜ್ಯದ ನೆಲದಡಿ ಇರುವುದು ಬಹುಪಾಲು ಗಟ್ಟಿ ಶಿಲೆ. ಬಸಾಲ್ಟ್ ಶಿಲೆಯಲ್ಲಿ ಹುದುಗಿಸುವ ವಿಧಾನ ಐಸ್‌ಲ್ಯಾಂಡಿನಲ್ಲಿ ನಡೆದಿದ್ದರೂ ದಖನ್ ಶಿಲೆಗಳಿಗೆ ಸಂಬಂಧಿಸಿದಂತೆ ಅದಿನ್ನೂ ಅಧ್ಯಯನದ ವಿಷಯ.

ಅಮೆರಿಕದ ತೆರಿಗೆ ವಿನಾಯಿತಿ ಈ ಹಟವನ್ನು ಇನ್ನಷ್ಟು ಗಟ್ಟಿಗೊಳಿಸಿದೆ. 2022ರ ಕಾನೂನಿನಂತೆ ನೆಲದಡಿ ಹುದುಗಿಸಿದ ಪ್ರತಿ ಟನ್ನಿಗೆ 85 ಡಾಲರ್, ತೈಲ ಎತ್ತಲು ಬಳಸಿದರೆ 60 ಡಾಲರ್ ರಿಯಾಯಿತಿ ಇತ್ತು. 2025ರ ಕಾನೂನು ಆ ವ್ಯತ್ಯಾಸವನ್ನೂ ಅಳಿಸಿ ತೈಲ ಎತ್ತುವವರಿಗೂ 85 ಡಾಲರ್ ದೊರೆಯುವಂತೆ ಮಾಡಿತು. ಹಿಡಿದ ಟನ್ನಿಗೆ ಹಣವೆಂದರೆ, ಮೊದಲು ಆ ಟನ್ ಹುಟ್ಟಬೇಕಲ್ಲವೇ? ಹೊಗೆಯನ್ನು ಹುಟ್ಟಿಸದೆಯೇ ಕೆಲಸ ಮುಗಿಸುವ ಉದ್ದಿಮೆದಾರನಿಗೆ ಈ ಬಾಬ್ತಿನಲ್ಲಿ ಚಿಕ್ಕಾಸೂ ಇಲ್ಲ.

ಗಾರ್ಗನ್‌ನಿಂದ ಮಂಗಳೂರಿಗೆ

ಕರಾವಳಿಯ ಉದ್ದಿಮೆಗಳಿಗೆ ಹೆಚ್ಚು ಹತ್ತಿರದ ಉದಾಹರಣೆ ಪಶ್ಚಿಮ ಆಸ್ಟ್ರೇಲಿಯದ ಬ್ಯಾರೋ ದ್ವೀಪದಲ್ಲಿದೆ. ಶೆವ್ರಾನ್ ಕಂಪನಿ ನಡೆಸುವ ಗಾರ್ಗನ್ ಯೋಜನೆಯಲ್ಲಿ ಸಮುದ್ರದಡಿಯ ನೈಸರ್ಗಿಕ ಅನಿಲವನ್ನು ತೆಗೆದು, ದ್ರವೀಕರಿಸಿ, ಹಡಗಿನಲ್ಲಿ ರಫ್ತು ಮಾಡಲಾಗುತ್ತದೆ. ಆ ಅನಿಲದೊಡನೆ ಸಾಕಷ್ಟು ಇಂಗಾಲದ ಡೈ ಆಕ್ಸೈಡೂ ಮೇಲೆ ಬರುತ್ತದೆ. ದ್ರವೀಕರಣಕ್ಕೆ ಮುನ್ನ ಅದನ್ನು ಬೇರ್ಪಡಿಸಲೇಬೇಕು. ಹಾಗೆ ಬೇರ್ಪಟ್ಟಿದ್ದರಲ್ಲಿ, ಐದು ವರ್ಷಗಳ ಸರಾಸರಿಯಂತೆ, ಕನಿಷ್ಠ ಶೇ. 80ರಷ್ಟನ್ನು ದ್ವೀಪದ ಅಡಿಯಲ್ಲಿ ಹುದುಗಿಸಬೇಕೆಂಬ ಷರತ್ತಿನ ಮೇಲೆ ಯೋಜನೆಗೆ ಅನುಮತಿ ದೊರೆತಿತ್ತು.

ಅನಿಲದ ರಫ್ತು 2016ರ ಮಾರ್ಚಿನಲ್ಲಿ ಆರಂಭವಾಯಿತು. ಹುದುಗಿಸುವ ಕೆಲಸ ಶುರುವಾದದ್ದು 2019ರ ಆಗಸ್ಟಿನಲ್ಲಿ. ನೆಲದಡಿಯ ಒತ್ತಡ ತಗ್ಗಿಸಲು ನೀರು ಹೊರತೆಗೆಯುವ ಬಾವಿಗಳಲ್ಲಿ ಮರಳು ಕಟ್ಟಿಕೊಂಡು ತೊಂದರೆಯಾಯಿತು. 2021ರ ಜುಲೈಗೆ ಮುಗಿದ ಐದು ವರ್ಷಗಳಲ್ಲಿ ಕೊರತೆ ಬಿದ್ದದ್ದು 50 ಲಕ್ಷ ಟನ್ನಿಗೂ ಹೆಚ್ಚು. ಅದಕ್ಕೆ ಪ್ರತಿಯಾಗಿ ಕಂಪನಿ ಬೇರೆಡೆಯಿಂದ ಇಂಗಾಲದ ಕ್ರೆಡಿಟ್‌ಗಳನ್ನು ಕೊಂಡು ಷರತ್ತು ಪೂರೈಸಬೇಕಾಯಿತು. ವರ್ಷಕ್ಕೆ 40 ಲಕ್ಷ ಟನ್ ಹುದುಗಿಸಬಹುದೆಂದು ಹೇಳಿದ್ದ ವ್ಯವಸ್ಥೆ ಮುಂದಿನ ವರ್ಷಗಳಲ್ಲಿಯೂ ಅದರ ಅರ್ಧವನ್ನು ಮುಟ್ಟಲಿಲ್ಲ. ಇಷ್ಟಾಗಿಯೂ ಅನಿಲದ ಹಡಗುಗಳು ಹೊರಡುವುದು ನಿಲ್ಲಲಿಲ್ಲ. ಷರತ್ತು ತಡವಾದರೂ ಸರಕು ತಡವಾಗಬಾರದು ಎಂಬುದು ಈ ವ್ಯವಹಾರದ ಅಲಿಖಿತ ನಿಯಮವಿದ್ದೀತು.

ಈ ಸರಕಿನ ಒಂದು ಪಾಲು ಭಾರತದ್ದು. ಪೆಟ್ರೋನೆಟ್ ಎಲ್.ಎನ್.ಜಿ. ಸಂಸ್ಥೆ 2009ರಲ್ಲಿಯೇ ಗಾರ್ಗನ್ ಅನಿಲಕ್ಕಾಗಿ ಎಕ್ಸಾನ್ ಮೊಬಿಲ್ ಜೊತೆ ಇಪ್ಪತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು. ಆ ಅನಿಲ ಕೊಚ್ಚಿಯ ಟರ್ಮಿನಲ್ಲಿಗೆಂದೇ ಉದ್ದೇಶಿತವಾಗಿತ್ತು. ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರ್ ಉದ್ದದ ಗೇಲ್ ಕೊಳವೆ ಮಾರ್ಗ 2021ರ ಜನವರಿ 5ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಪಣಂಬೂರಿನ ರಸಗೊಬ್ಬರ ಕಾರ್ಖಾನೆ ನಾಫ್ತಾವನ್ನು ಬಿಟ್ಟು ಅನಿಲಕ್ಕೆ ಬದಲಾದದ್ದು ಈ ಕೊಳವೆಯಿಂದಲೇ. ನಾಫ್ತಾಕ್ಕೆ ಹೋಲಿಸಿದರೆ ಅನಿಲ ಶುದ್ಧ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗಾರ್ಗನ್‌ನ ಯಂತ್ರ ಪೂರ್ಣ ಸಾಮರ್ಥ್ಯದಲ್ಲಿ ನಡೆದರೂ ಅದು ಹಿಡಿಯುವುದು ಅನಿಲ ಹೊರತೆಗೆಯುವಾಗ ಬರುವ ಇಂಗಾಲವನ್ನು ಮಾತ್ರ. ಆ ಅನಿಲ ಮಂಗಳೂರಿನಲ್ಲೋ ಟೋಕಿಯೋದಲ್ಲೋ ಉರಿದಾಗ ಬರುವ ಹೊಗೆಗೆ ಆ ದ್ವೀಪದ ಲೆಕ್ಕಪುಸ್ತಕದಲ್ಲಿ ಜಾಗವಿಲ್ಲ.

ಜಲಜನಕದ ಬಣ್ಣಗಳು

ಜಲಜನಕ, ಅಂದರೆ ಹೈಡ್ರೋಜನ್, ಉರಿದರೆ ನೀರಾಗುತ್ತದೆ, ಇಂಗಾಲದ ಸೋಂಕಿಲ್ಲ. ಅದು ನೆಲದಿಂದ ಅಗೆದು ತೆಗೆಯುವ ಇಂಧನವಲ್ಲ, ಬೇರೊಂದು ಶಕ್ತಿ ವ್ಯಯಿಸಿ ತಯಾರಿಸುವ ವಸ್ತು ಎಂಬುದು ಮಾತ್ರ ಜಾಹೀರಾತುಗಳಲ್ಲಿ ಹಿಂದೆ ಸರಿಯುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಕೋಟಿ ಟನ್ನಿನಷ್ಟು ಜಲಜನಕ ತಯಾರಾಗುತ್ತಿದ್ದು, ಅದರಲ್ಲಿ ಶೇ. 99ಕ್ಕೂ ಹೆಚ್ಚು ನೈಸರ್ಗಿಕ ಅನಿಲ, ಕಲ್ಲಿದ್ದಲು ಅಥವಾ ತೈಲದಿಂದ, ಇಂಗಾಲ ಹಿಡಿಯುವ ವ್ಯವಸ್ಥೆಯಿಲ್ಲದೆಯೇ ಬಂದದ್ದು. ಅನಿಲದಿಂದ ಒಂದು ಕಿಲೋ ಜಲಜನಕ ತಯಾರಿಸಿದರೆ ಸುಮಾರು ಹತ್ತು ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಇದಕ್ಕೆ ‘ಬೂದು’ ಜಲಜನಕ ಎಂದು ಹೆಸರು. ಆ ಇಂಗಾಲವನ್ನು ಹಿಡಿದಿಟ್ಟರೆ ‘ನೀಲಿ’. ಸೌರ ಅಥವಾ ಪವನ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದದ್ದು ‘ಹಸಿರು’. ವಸ್ತು ಒಂದೇ, ಬಣ್ಣ ಇರುವುದು ಅದರ ಹುಟ್ಟಿನಲ್ಲಿ.

ನೀಲಿಯ ಬಗ್ಗೆ ತಕರಾರು ಬಲವಾಗಿದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ 2015ರಿಂದ ನಡೆಯುತ್ತಿರುವ ಕ್ವೆಸ್ಟ್ ಯೋಜನೆಯನ್ನೇ ನೋಡಬಹುದು. ತಾಂತ್ರಿಕವಾಗಿ ಅದು ಯಶಸ್ವಿ, ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ ಹುದುಗಿಸಿದೆ. ಆದರೆ ಅಲ್ಲಿನ ಜಲಜನಕ ಬಳಕೆಯಾಗುವುದು ಮರಳಿನಿಂದ ತೆಗೆದ ಡಾಂಬರಿನಂಥ ತೈಲವನ್ನು ಮಾರುಕಟ್ಟೆಗೆ ಯೋಗ್ಯವಾಗಿಸಲು. ಎರಡನೆಯ ತಕರಾರು ಸೋರಿಕೆಯದು. ನೈಸರ್ಗಿಕ ಅನಿಲದ ಮುಖ್ಯಾಂಶವಾದ ಮೀಥೇನ್ ಬಾವಿಯಲ್ಲಿ, ಕೊಳವೆಯಲ್ಲಿ, ಪಂಪಿನಲ್ಲಿ ಅಷ್ಟಿಷ್ಟು ಸೋರುತ್ತದೆ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಅದರ ತಾಪಶಕ್ತಿ ಇಂಗಾಲದ ಡೈ ಆಕ್ಸೈಡಿನ ಸುಮಾರು ಎಂಬತ್ತು ಪಟ್ಟು. ಈ ಸೋರಿಕೆಯನ್ನೂ ಸೇರಿಸಿ ಅಮೆರಿಕದ ವಿಜ್ಞಾನಿಗಳಾದ ರಾಬರ್ಟ್ ಹೋವರ್ತ್ ಮತ್ತು ಮಾರ್ಕ್ ಜೇಕಬ್‌ಸನ್ 2021ರಲ್ಲಿ ಲೆಕ್ಕ ಹಾಕಿದಾಗ, ಶಾಖಕ್ಕಾಗಿ ನೀಲಿ ಜಲಜನಕ ಬಳಸುವುದಕ್ಕಿಂತ ಅನಿಲವನ್ನೇ ನೇರವಾಗಿ ಉರಿಸುವುದು ಕಡಿಮೆ ಹಾನಿ ಎಂಬ ಫಲಿತಾಂಶ ಬಂತು. ಅವರು ಹಿಡಿದ ಸೋರಿಕೆಯ ಪ್ರಮಾಣ ಹೆಚ್ಚಾಯಿತೆಂದು ಆಕ್ಷೇಪಿಸಿದವರೂ ಇದ್ದಾರೆ. ಅದೇ ವರ್ಷದ ಆಗಸ್ಟಿನಲ್ಲಿ ಬ್ರಿಟನ್ನಿನ ಜಲಜನಕ ಉದ್ಯಮ ಸಂಘದ ಅಧ್ಯಕ್ಷ ಕ್ರಿಸ್ ಜಾಕ್ಸನ್, ನೀಲಿ ಜಲಜನಕವನ್ನು ತಾವು ಬೆಂಬಲಿಸಲಾರೆನೆಂದು ಹುದ್ದೆಯನ್ನೇ ಬಿಟ್ಟರು. ಉದ್ಯಮದ ಒಳಗಿನಿಂದಲೇ ಬಂದ ಮಾತಾದ್ದರಿಂದ ಅದಕ್ಕೆ ತೂಕವಿತ್ತು.

ಹಸಿರಿನಲ್ಲಿಯೂ ಎಚ್ಚರ ಬೇಕು. ಒಂದು ಕಿಲೋ ಜಲಜನಕಕ್ಕೆ 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಯೂನಿಟ್ಟಿಗೆ ಐದು ರೂಪಾಯಿ ಹಿಡಿದರೂ ವಿದ್ಯುತ್ತಿನ ಬಾಬ್ತು ಒಂದೇ 250 ರೂಪಾಯಿ ದಾಟುತ್ತದೆ. ಹಣಕ್ಕಿಂತ ದೊಡ್ಡ ಪ್ರಶ್ನೆ ಆ ವಿದ್ಯುತ್ತು ಎಲ್ಲಿಯದು ಎಂಬುದು. ಭಾರತದ ಗ್ರಿಡ್ಡಿನ ಪ್ರತಿ ಯೂನಿಟ್ಟಿನ ಹಿಂದೆ ಸರಾಸರಿ 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಇದೆ. ಗ್ರಿಡ್ಡಿನಿಂದ 52 ಯೂನಿಟ್ ಪಡೆದು ನೀರನ್ನು ಒಡೆದರೆ ಕಿಲೋ ಜಲಜನಕದ ಬೆನ್ನಿಗೆ 36 ಕಿಲೋ ಹೊಗೆ ಬೀಳುತ್ತದೆ. ‘ಬೂದು’ ಎಂದು ಮೂಗುಮುರಿದದ್ದಕ್ಕಿಂತ ಇದು ಮೂರು ಪಟ್ಟಿಗೂ ಮಿಗಿಲು.

ಸೂರ್ಯ ಮುಳುಗಿದ ಮೇಲೆ ಎಲೆಕ್ಟ್ರೊಲೈಸರ್ ನಿಲ್ಲಿಸಿದರೆ ಬಂಡವಾಳ ಸುಮ್ಮನೆ ಕೂರುತ್ತದೆ. ಹಾಗಾಗಿ ಹಗಲಿನ ಸೌರ ವಿದ್ಯುತ್ತನ್ನು ಗ್ರಿಡ್ಡಿನಲ್ಲಿ ಠೇವಣಿಯಿಟ್ಟು ರಾತ್ರಿ ಹಿಂಪಡೆಯುವ ‘ಬ್ಯಾಂಕಿಂಗ್’ ಸೌಲಭ್ಯಕ್ಕೆ 2022ರ ಫೆಬ್ರವರಿಯ ಕೇಂದ್ರ ನೀತಿ 30 ದಿನಗಳ ಅವಕಾಶ ನೀಡಿತು. ಕಾಗದದ ಮೇಲೆ ಖಾತೆ ಸರಿಹೊಂದುತ್ತದೆ. ತಂತಿಯಲ್ಲಿ ರಾತ್ರಿ ಹರಿಯುವುದು ಬಹುಮಟ್ಟಿಗೆ ಕಲ್ಲಿದ್ದಲಿನ ವಿದ್ಯುತ್ತು; ಹೆಚ್ಚಿದ ಆ ಬೇಡಿಕೆಯೇ ಹಳೆಯ ಉಷ್ಣ ಘಟಕಗಳನ್ನು ನಡೆಸುತ್ತಿರಲು ಕಾರಣವಾದೀತು. 2023ರ ಆಗಸ್ಟಿನಲ್ಲಿ ಕೇಂದ್ರವು ಹಸಿರು ಎನ್ನಿಸಿಕೊಳ್ಳಲು ಕಿಲೋ ಜಲಜನಕಕ್ಕೆ 2 ಕಿಲೋ ಇಂಗಾಲದ ಡೈ ಆಕ್ಸೈಡಿನ ಮಿತಿ ಗೊತ್ತುಪಡಿಸಿದ್ದು ಸ್ವಾಗತಾರ್ಹ. ಆದರೆ ಆ ಮಿತಿಯನ್ನು ಅಳೆಯುವುದು ಹನ್ನೆರಡು ತಿಂಗಳ ಸರಾಸರಿಯಲ್ಲಿ.

ಕೊಳವೆಯ ಅನಿಲಕ್ಕೆ ಜಲಜನಕ ಬೆರೆಸುವ ಪ್ರಯೋಗಗಳೂ ನಡೆದಿವೆ. ಸೂರತ್ ಬಳಿಯ ಕಾವಸ್‌ನಲ್ಲಿ ಎನ್.ಟಿ.ಪಿ.ಸಿ. 2023ರಲ್ಲಿ ಇದನ್ನು ಆರಂಭಿಸಿತು. ಪ್ರಯೋಗವಾಗಿ ಇದು ಸರಿ. ಆದರೆ ಜಲಜನಕ ಹಗುರವಾದ ಅನಿಲವಾದ್ದರಿಂದ ಗಾತ್ರದಲ್ಲಿ ಶೇ. 20ರಷ್ಟು ಬೆರೆಸಿದರೂ ಉಳಿಯುವ ನೈಸರ್ಗಿಕ ಅನಿಲ ಶೇ. 7ರಷ್ಟು ಮಾತ್ರ. ಮಿಕ್ಕ ಶೇ. 93ರ ವ್ಯಾಪಾರ ‘ಮುಂದೆ ಜಲಜನಕಕ್ಕೆ ಸಿದ್ಧ’ ಎಂಬ ಫಲಕದಡಿ ನಿರಾತಂಕವಾಗಿ ಸಾಗುತ್ತದೆ. ಮನೆಗಳನ್ನು ಜಲಜನಕದಿಂದ ಬೆಚ್ಚಗಿಡುವ ಬ್ರಿಟನ್ನಿನ ಯೋಜನೆಗಳು 2023ರಲ್ಲಿ ಒಂದರ ಹಿಂದೊಂದು ರದ್ದಾದವು: ವಿಟ್ಬಿಯಲ್ಲಿ ನಿವಾಸಿಗಳೇ ವಿರೋಧಿಸಿದರು, ರೆಡ್‌ಕಾರಿನಲ್ಲಿ ಪೂರೈಸಲು ಜಲಜನಕವೇ ಇರಲಿಲ್ಲ. ಆಸ್ಟ್ರೇಲಿಯದ ಲ್ಯಾಟ್ರೋಬ್ ಕಣಿವೆಯ ಕಂದು ಕಲ್ಲಿದ್ದಲಿನಿಂದ ತೆಗೆದ ಜಲಜನಕವನ್ನು ಶೂನ್ಯಕ್ಕಿಂತ 253 ಡಿಗ್ರಿ ಕೆಳಗೆ ದ್ರವೀಕರಿಸಿ 2022ರಲ್ಲಿ ಹಡಗಿನಲ್ಲಿ ಜಪಾನಿನ ಕೋಬೆಗೆ ಒಯ್ದದ್ದು ದೊಡ್ಡ ಸುದ್ದಿಯಾಗಿತ್ತು. ಮುಂದಿನ ಹಂತದ ಪ್ರದರ್ಶನಕ್ಕೆ ಜಪಾನಿನೊಳಗಿನ ಜಲಜನಕವನ್ನೇ ಬಳಸುವ ನಿರ್ಧಾರ 2024ರ ಕೊನೆಯಲ್ಲಿ ಹೊರಬಿತ್ತು.

ಎಲ್ಲಿ ನಿಜವಾಗಿ ಬೇಕು

ಹೀಗೆಂದ ಮಾತ್ರಕ್ಕೆ ಎರಡೂ ತಂತ್ರಜ್ಞಾನಗಳನ್ನು ತಳ್ಳಿಹಾಕುವುದು ವಿವೇಕವಲ್ಲ. ನಾರ್ವೆ 1991ರಲ್ಲಿ ಇಂಗಾಲಕ್ಕೆ ತೆರಿಗೆ ಹಾಕಿದ ಮೇಲೆ ಸ್ಲೈಪ್ನರ್ ಕ್ಷೇತ್ರದಲ್ಲಿ 1996ರಿಂದ ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಆಸುಪಾಸು ಸಮುದ್ರದಡಿ ಹುದುಗಿಸಲಾಗುತ್ತಿತ್ತು. ಬಿಟ್ಟರೆ ತೆರಿಗೆ, ಹುದುಗಿಸಿದರೆ ಉಳಿತಾಯ ಎಂಬ ಸರಳ ಲೆಕ್ಕವೇ ಅಲ್ಲಿ ದುಡಿದದ್ದು. ಅದೇ ದೇಶದ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ ವರ್ಷಕ್ಕೆ ನಾಲ್ಕು ಲಕ್ಷ ಟನ್ ಹಿಡಿಯುವ ಸ್ಥಾವರ 2025ರ ಜೂನಿನಲ್ಲಿ ಉದ್ಘಾಟನೆಗೊಂಡಿತು. ಸಿಮೆಂಟಿನ ಸಂಗತಿ ವಿದ್ಯುತ್ತಿನಂಥದಲ್ಲ. ಕುಲುಮೆಗೆ ಯಾವ ಇಂಧನ ಹಾಕಿದರೂ ಸುಣ್ಣದ ಕಲ್ಲು ಕಾದಾಗ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಬಂದೇ ತೀರುತ್ತದೆ. ಸಿಮೆಂಟಿನ ಒಟ್ಟು ಹೊಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ವಾಡಿ, ಸೇಡಂ ಸುತ್ತಿನ ಕಾರ್ಖಾನೆಗಳಿಗೆ ಬೇರೆ ದಾರಿ ಸುಲಭವಾಗಿ ಕಾಣದು. ವಿದ್ಯುತ್ತಿಗೆ ಸೂರ್ಯನೂ ಗಾಳಿಯೂ ಇವೆ.

ಜಲಜನಕವೂ ಹಾಗೆಯೇ. ತೈಲ ಶುದ್ಧೀಕರಣಕ್ಕೂ ಅಮೋನಿಯಾಕ್ಕೂ ಅದು ಈಗಾಗಲೇ ಬೇಕಾದ ಕಚ್ಚಾವಸ್ತು; ಅಲ್ಲಿ ಬೂದನ್ನು ಕಳೆದು ಹಸಿರನ್ನು ತುಂಬುವುದೇ ಮೊದಲ ಕೆಲಸ. ಯೂರಿಯಾದಲ್ಲಿ ಒಂದು ತೊಡಕಿದೆ. ಅದಕ್ಕೆ ಅಮೋನಿಯಾದ ಜೊತೆ ಇಂಗಾಲದ ಡೈ ಆಕ್ಸೈಡೂ ಬೇಕು, ಅದು ದೊರೆಯುತ್ತಿದ್ದುದು ಅನಿಲದಿಂದಲೇ. ಹೊಲಕ್ಕೆ ಬಿದ್ದ ಮೇಲೆ ಅದು ಮತ್ತೆ ಗಾಳಿಗೆ ಸೇರುತ್ತದೆ. ಉಕ್ಕಿನಲ್ಲಿ ಕೋಕ್ ಬದಲು ಜಲಜನಕ ಬಳಸಬಹುದು. ತೋರಣಗಲ್ಲಿನ ಜೆ.ಎಸ್.ಡಬ್ಲ್ಯು. ಆವರಣದಲ್ಲಿ ವರ್ಷಕ್ಕೆ 3,800 ಟನ್ ಹಸಿರು ಜಲಜನಕ ಪೂರೈಸುವ ಸ್ಥಾವರ 2025ರಲ್ಲಿ ಸಿದ್ಧವಾದದ್ದು ರಾಜ್ಯಕ್ಕೆ ಹೆಮ್ಮೆಯ ವಿಷಯ. ಟನ್ ಉಕ್ಕಿಗೆ 55 ಕಿಲೋ ಜಲಜನಕ ಹಿಡಿದರೆ ಇದು ಸುಮಾರು 70,000 ಟನ್ ಉಕ್ಕಿಗೆ ಸಾಲುತ್ತದೆ. ಕಾರ್ಖಾನೆಯ ಒಟ್ಟು ಸಾಮರ್ಥ್ಯ ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮೀರಿದ್ದು. ಕೋಕ್ ಉರಿಸುವ ಬ್ಲಾಸ್ಟ್ ಫರ್ನೇಸ್ ಒಮ್ಮೆ ಕಟ್ಟಿದರೆ ಹದಿನೈದು ಇಪ್ಪತ್ತು ವರ್ಷ ನಿಲ್ಲಿಸದೆ ನಡೆಯುವಂಥದು. ದೇಶದ ಉಕ್ಕು ಯಾವ ದಾರಿಗೆ ಹೋಗುತ್ತಿದೆ ಎಂದು ತಿಳಿಯಲು ಜಲಜನಕದ ಶಂಕುಸ್ಥಾಪನೆಗಳನ್ನಲ್ಲ, ಹೊಸ ಫರ್ನೇಸುಗಳನ್ನು ಎಣಿಸಬೇಕು.

ಸಣ್ಣ ತಯಾರಕರ ಲೆಕ್ಕ

ದಕ್ಷಿಣ ಭಾರತದಲ್ಲಿಯೇ ಒಂದು ಸಣ್ಣ ಪ್ರಯೋಗ ಗಮನ ಸೆಳೆದಿತ್ತು. ತೂತ್ತುಕುಡಿಯ ರಾಸಾಯನಿಕ ಕಾರ್ಖಾನೆಯೊಂದು 2016ರಲ್ಲಿ ತನ್ನ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಇಂಗಾಲದ ಡೈ ಆಕ್ಸೈಡ್ ಹಿಡಿದು ಸೋಡಾ ಬೂದಿ ತಯಾರಿಸುವ ವ್ಯವಸ್ಥೆ ಮಾಡಿತು, ಅದೂ ಸರ್ಕಾರದ ಸಹಾಯಧನವಿಲ್ಲದೆ. ಹೊರಗಿನಿಂದ ಕೊಳ್ಳುತ್ತಿದ್ದ ಅನಿಲ ಮನೆಯಲ್ಲೇ ಸಿಕ್ಕಿತು, ವ್ಯಾಪಾರವಾಗಿ ಜಾಣತನ. ಆದರೆ ಸೋಡಾ ಬೂದಿ ಗಾಜಿನ ಕುಲುಮೆಗೆ ಹೋದಾಗ ಆ ಇಂಗಾಲ ಮತ್ತೆ ಹೊರಬರುತ್ತದೆ. ಪಾನೀಯದ ಬಾಟಲಿಯ ನೊರೆಯಲ್ಲಿ, ವೆಲ್ಡಿಂಗ್ ಶೆಡ್ಡಿನ ಸಿಲಿಂಡರಿನಲ್ಲಿ ಸೇರುವ ಅನಿಲದ ಗತಿಯೂ ಅದೇ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಹೊಗೆ ಹುಟ್ಟುತ್ತಿದ್ದರೆ, ಎಲ್ಲ ಹಿಡಿಯುವ ಯಂತ್ರಗಳ ಒಟ್ಟು ಸಾಮರ್ಥ್ಯ ಐದು ಕೋಟಿ ಟನ್ನಿನ ಆಸುಪಾಸು. ಸಾವಿರ ಕಿಲೋಗೆ ಒಂದೂವರೆ ಕಿಲೋ ಕೂಡ ಆಗಲಿಲ್ಲ.

ಯುರೋಪಿಗೆ ಮಾಲು ಕಳುಹಿಸುವವರಿಗೆ ಈ ವ್ಯತ್ಯಾಸ ಈಗ ರೂಪಾಯಿ ಪೈಸೆಯ ವಿಷಯ. ಅಲ್ಲಿನ ಗಡಿ ಇಂಗಾಲ ಸುಂಕ 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ವಿದ್ಯುತ್ ಮತ್ತು ಜಲಜನಕ ಅದರ ವ್ಯಾಪ್ತಿಯಲ್ಲಿವೆ. ಬೋಲ್ಟು, ನಟ್ಟು, ಸ್ಕ್ರೂಗಳೂ ಉಕ್ಕಿನ ಪಟ್ಟಿಯಲ್ಲಿವೆ. ಬೋಲ್ಟ್ ತಯಾರಕ ತನ್ನ ಶೆಡ್ಡಿನ ಚಾವಣಿಗೆ ಸೌರ ಫಲಕ ಹಾಕಿಸಿದ್ದರೂ, ಲೆಕ್ಕಕ್ಕೆ ಬರುವ ಇಂಗಾಲದ ಬಹುಭಾಗ ಅವನು ಕೊಂಡ ಸರಿಗೆಯ ಉಕ್ಕಿನದು; ಅಂದರೆ ಯಾರದೋ ಬ್ಲಾಸ್ಟ್ ಫರ್ನೇಸಿನದು. ಹಿಡಿದ ಅನಿಲ ಮತ್ತೆ ಗಾಳಿಗೆ ಸೇರುವಂತಿದ್ದರೆ ಅದನ್ನು ಲೆಕ್ಕದಿಂದ ಕಳೆಯಲು ಯುರೋಪಿನ ನಿಯಮಗಳು ಬಿಡುವುದಿಲ್ಲ.

ವರ್ಷಕ್ಕೆ 50 ಟನ್ನಿಗಿಂತ ಕಡಿಮೆ ತರಿಸಿಕೊಳ್ಳುವವರಿಗೆ 2025ರ ತಿದ್ದುಪಡಿ ವಿನಾಯಿತಿ ನೀಡಿದೆ. ಹಲವು ಸಣ್ಣ ರಫ್ತುದಾರರು ಇದನ್ನು ಕೇಳಿ ನಿರಾಳರಾಗಿರಬಹುದು. ಆದರೆ ಈ 50 ಟನ್ ರಫ್ತುದಾರನ ಲೆಕ್ಕವಲ್ಲ, ಯುರೋಪಿನ ಆಮದುದಾರ ಎಲ್ಲ ದೇಶಗಳಿಂದ ತರಿಸಿಕೊಂಡ ಒಟ್ಟು ಮಾಲಿನ ಲೆಕ್ಕ. ದೊಡ್ಡ ಆಮದುದಾರನಿಗೆ ಎರಡು ಟನ್ ಬೋಲ್ಟ್ ಕಳುಹಿಸಿದವನೂ ಇಂಗಾಲದ ಅಂಕಿ ಕೊಡಬೇಕಾಗುತ್ತದೆ. ಸ್ವಂತ ಅಂಕಿ ಇಲ್ಲದಿದ್ದರೆ ಯುರೋಪ್ ನಿಗದಿಪಡಿಸಿದ, ಸಾಮಾನ್ಯವಾಗಿ ಹೆಚ್ಚಿನ, ಅಂಕಿಯೇ ಅನ್ವಯವಾಗುತ್ತದೆ. 2026ರ ಆಮದಿಗೆ ಪ್ರಮಾಣಪತ್ರಗಳ ಮಾರಾಟ 2027ರ ಫೆಬ್ರವರಿಯಿಂದ. ಅಷ್ಟರೊಳಗೆ ಉಕ್ಕು ಪೂರೈಸುವವರಿಂದ ಮಿಲ್ಲಿನ ಪರೀಕ್ಷಾ ಪತ್ರದ ಜೊತೆಗೆ ಟನ್ನಿಗೆ ಎಷ್ಟು ಇಂಗಾಲ, ಹಿಡಿದದ್ದೆಂದು ಹೇಳುವುದಾದರೆ ಎಲ್ಲಿ ಹುದುಗಿಸಿದ್ದು, ಜಲಜನಕವೆಂದರೆ ಯಾವ ವಿದ್ಯುತ್ತಿನದು ಎಂಬ ಮೂರು ವಿವರಗಳನ್ನು ಲಿಖಿತವಾಗಿ ಕೇಳಿ ಪಡೆದಿಟ್ಟುಕೊಳ್ಳಲು ಇನ್ನೂ ಅವಕಾಶವಿದೆ.